ಮೂರು ಗಂಟೆಯ ಸೇಬು

ಕಾಗದದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತನಾದ ಎಲ್ಡನ್ ಪಿಂಕಮ್ ದೇವರಲ್ಲಿ ಬೇಡಿದ್ದು ಒಂದೇ: ಊಟದ ಮೇಲೆ ಒಂದು ಗಳಿಗೆ ನಿದ್ದೆ. ಅದಕ್ಕೆ ಕಲ್ಲು ಹಾಕುತ್ತಿದ್ದುದು ಮನೆಗೆ ಒರಗಿಕೊಂಡಂತೆ ನಿಂತ ಹಳೆಯ ಸೇಬಿನ ಮರ. ಸೆಪ್ಟೆಂಬರ್ ಬಂತೆಂದರೆ, ಮೂರು ಗಂಟೆಗೆ ಅವನಿಗೆ ಜೊಂಪು ಹತ್ತಿದ್ದೇ ತಡ, ತಗಡಿನ ಮಾಡಿನ ಮೇಲೆ ಯಾರೋ ಬಾಣಲೆ ಎಸೆದ ಹಾಗೆ ಢಣ್!

ಕಡಿಯೋಣವೆಂದರೆ ಮನೆ ಹೆಂಡತಿ ವೆಲ್ಮಾಳ ಅಜ್ಜಿಯದು. ಸಾಲದ್ದಕ್ಕೆ ವೆಲ್ಮಾ ಊರ ಇತಿಹಾಸ ಸಂಘದ ಕಾರ್ಯದರ್ಶಿ.

“ಅಜ್ಜಿ ನೆಟ್ಟ ಮರ. ಯಾವ ತಳಿ ಅಂತ ಯಾರಿಗೂ ಗೊತ್ತಿಲ್ಲ. ಹೆಸರು ಗೊತ್ತಾಗೋವರೆಗೂ ಗರಗಸ ಮುಟ್ಟಿದ್ಯೋ, ನೋಡು ಮತ್ತೆ! ಎಲ್ಲರ ಮನೇಲೂ ಇರೋ ತಳಿ ಅಂತಾದ್ರೆ, ನೀನುಂಟು ನಿನ್ನ ಗರಗಸ ಉಂಟು.”

ಅಕ್ಟೋಬರಿನ ಆ ಶನಿವಾರ ರೈತ ಸಂಘದ ಗ್ರೇಂಜ್ ಹಾಲ್‌ನಲ್ಲಿ ಸೇಬು ಗುರುತಿಸುವ ದಿನ. ಅಮೆರಿಕದ ಮೇಯ್ನ್ ಸೀಮೆಯ ಹಳೆಯ ಸೇಬಿನ ತಳಿಗಳೆಲ್ಲ ಬೆರಳ ತುದಿಯಲ್ಲಿದ್ದ ಹೋಲಿಸ್ ವೈಮನ್ ಎಂಬ ಮುದುಕ ಬರುತ್ತಿದ್ದ. ಐದು ಹಣ್ಣು ಮುಂದಿಟ್ಟರೆ ಹೆಸರು ಹೇಳುತ್ತಿದ್ದ.

ಎಲ್ಡನ್ ಬೆಳಿಗ್ಗೆಯೇ ಗರಗಸಕ್ಕೆ ಅರ ಹಾಕುತ್ತ ಯೋಚಿಸಿದ. ತನ್ನ ಮರದ ಹಣ್ಣನ್ನೇ ಒಯ್ದು, ಆ ಮುದುಕ ಅಪರೂಪದ್ದು ಅಂದುಬಿಟ್ಟರೆ? ಎದುರು ಮನೆಯ ಅರ್ಲೀನ್ ತಿಬೊಡೊಳ ಮರವಿದೆಯಲ್ಲ! ಅದು ಮಾಮೂಲಿ ಬಾಲ್ಡ್ವಿನ್ ತಳಿ ಎಂದು ಊರಿಗೆಲ್ಲ ಗೊತ್ತು. ಚರ್ಚಿನ ಊಟದಲ್ಲಿ ಅದರ ಹಣ್ಣು ತುಂಬಿ ಬೇಯಿಸಿದ ಪೈ ತಿನ್ನದ ಬಾಯಿಲ್ಲ. ಅರ್ಲೀನ್ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದಳು. ಐದು ಹಣ್ಣು ಎಲ್ಡನ್‌ನ ಚೀಲ ಸೇರಿದವು.

ಹಾಲ್‌ನಲ್ಲಿ ಹೋಲಿಸ್ ಒಂದು ಹಣ್ಣನ್ನು ಅಡ್ಡಕ್ಕೆ ಕೊಯ್ದ. ಬೀಜದ ಗೂಡು ನೋಡಿದ. ತೊಟ್ಟಿನ ಗುಳಿಗೆ ಹೆಬ್ಬೆರಳಿಟ್ಟ. ಮೂಸಿದ. ಕನ್ನಡಕ ತೆಗೆದು ಒರೆಸಿದ. ಆಮೇಲೆ ಕಣ್ಣನ್ನೂ ಒರೆಸಿದ.

“ಬಾಲ್ಡ್ವಿನ್ ತಾನೆ?” ಎಂದ ಎಲ್ಡನ್, ಹೊರಡಲು ಟೋಪಿ ಹಾಕಿಕೊಳ್ಳುತ್ತ.

“ಬಾಲ್ಡ್ವಿನ್ನೇ? ಇಪ್ಪತ್ತಾರು ವರ್ಷದಿಂದ ಇದನ್ನ ಹುಡುಕ್ತಾ ಇದೀನಪ್ಪಾ! ಪೆಟಿಂಗಿಲ್ ವಿಂಟರ್! ಒಂದು ಮರವೂ ಉಳಿದಿಲ್ಲ ಅಂದ್ಕೊಂಡಿದ್ವಿ. ಎಲ್ಲಿದೆ ಮರ?”

“ನಮ್ಮನೇಲಿ!” ಹಾಲ್‌ನ ಆ ತುದಿಯಲ್ಲಿ ಕಾಫಿ ಬಗ್ಗಿಸುತ್ತಿದ್ದ ವೆಲ್ಮಾ ಅಲ್ಲಿಂದಲೇ ಕೂಗಿದಳು. ಎಲ್ಡನ್ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡ.

ಅರ್ಧ ಗಂಟೆಯಲ್ಲಿ ಹಗ್ಗ, ಗೂಟ, ಹೆಸರಿನ ಹಲಗೆ ಸಮೇತ ಅರ್ಧ ಊರು ಅವನ ಅಂಗಳದಲ್ಲಿತ್ತು. ಹೋಲಿಸ್ ಕಣ್ಣು ಮುಚ್ಚಿ ಮರದ ಬೊಡ್ಡೆ ತಬ್ಬಿಕೊಂಡಿದ್ದ. ಎಲ್ಡನ್ ಉಂಗುರ ಕಳೆದುಕೊಂಡ ಮದುಮಗನ ಹಾಗೆ ನಿಂತಿದ್ದ. ಅಷ್ಟರಲ್ಲಿ ಅರ್ಲೀನ್ ಅವನ ತೋಳು ಜಗ್ಗಿದಳು.

“ಅದೃಷ್ಟವಂತ ಕಣಯ್ಯಾ ನೀನು. ನಂದೂ ಒಂದು ಮರ ಇದೆ, ಬರೀ ಪೈಗೆ ಲಾಯಕ್ಕು. ಎಲೆ ಉದುರಿಸಿ ಉದುರಿಸಿ ಮಳೆನೀರಿನ ಕೊಳವೆ ಎಲ್ಲಾ ಕಟ್ಟಿಕೊಳ್ಳೋ ಹಾಗೆ ಮಾಡುತ್ತೆ. ಹೇಗೂ ಗರಗಸಕ್ಕೆ ಅರ ಹಾಕಿದೀಯ. ಇವತ್ತೇ ಬಂದು ಕಡಿದು ಹಾಕು ಮಾರಾಯ.”

“ಇವತ್ತು ಬೇಡ, ಅರ್ಲೀನ್.”

“ಸರಿ ಬಿಡು, ನನ್ನ ಅಳಿಯನಿಗೇ ಹೇಳ್ತೀನಿ. ಅವನ ಟ್ರಕ್ಕಲ್ಲಿ ಗರಗಸ ಇದ್ದೇ ಇರುತ್ತೆ.” ಅವಳು ರಸ್ತೆ ದಾಟಿಯೂ ಬಿಟ್ಟಳು.

ಎಲ್ಡನ್ ಬೊಡ್ಡೆ ತಬ್ಬಿದ ಮುದುಕನನ್ನು ನೋಡಿದ. ಆ ಒದ್ದೆ ಕೆನ್ನೆ ನೋಡಿ ತಡೆಯಲಾಗಲಿಲ್ಲ.

“ನಿಲ್ಲು ಅರ್ಲೀನ್! ಕಡೀಬೇಡ! ಆ ಹಣ್ಣು ನಿನ್ನ ಮರದ್ದೇ! ನಾನೇ ಕದ್ದಿದ್ದು!”

ವೆಲ್ಮಾ ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳಬೇಕು. ಹಗ್ಗ, ಗೂಟ, ಹಲಗೆ ಎಲ್ಲವೂ ರಸ್ತೆ ದಾಟಿದವು. ಮರ್ಯಾದೆ ಹೋದರೂ ಎಲ್ಡನ್‌ಗೆ ಒಳಗೊಳಗೇ ಹಗುರವಾಯಿತು. ಇನ್ನು ಈ ಮರವನ್ನು ಕೇಳುವವರಿಲ್ಲ.

ಗೇಟಿನ ತನಕ ಹೋದ ಹೋಲಿಸ್ ಹಿಂದಿರುಗಿದ. “ಹಾಗಾದ್ರೆ ಇದು ಯಾವ ತಳಿ?” ಬಿದ್ದಿದ್ದ ಹಣ್ಣೊಂದನ್ನು ಎತ್ತಿ ಕೊಯ್ದ. ನೋಡಿದ, ಮೂಸಿದ, ಕಚ್ಚಿದ, ಬಹಳ ಹೊತ್ತು ಅಗಿದ.

“ಬಾಲ್ಡ್ವಿನ್ ಅನ್ನಿ,” ಎಂದು ಎಲ್ಡನ್ ಗೋಗರೆದ.

“ನನ್ನ ಜನ್ಮದಲ್ಲೇ ಕಂಡಿಲ್ಲ ಇಂಥದ್ದನ್ನ! ಇದರ ಹೆಸರು ಹಿಡೀಬೇಕಾದ್ರೆ ಹಣ್ಣು ಉದುರೋದನ್ನ ಮೂರು ವರ್ಷ ಬರೆದಿಡ್ಬೇಕು. ಯಾವ ದಿನ, ಯಾವ ಹೊತ್ತು, ಯಾವ ಕೊಂಬೆ, ಎಲ್ಲಾ. ಮುಳ್ಳುಹಂದಿ ಬಾಯಿಗೆ ಸಿಗೋ ಮುಂಚೆ ಎತ್ಕೋಬೇಕು. ಜಾಸ್ತಿ ಉದುರೋದು ಎಷ್ಟು ಹೊತ್ತಿಗೆ?”

“ಅದನ್ನ ಇವರನ್ನೇ ಕೇಳಿ,” ಎಂದಳು ವೆಲ್ಮಾ. “ಇವರಷ್ಟು ಚೆನ್ನಾಗಿ ಊರಲ್ಲಿ ಇನ್ಯಾರಿಗೂ ಗೊತ್ತಿಲ್ಲ.”

ಒಳಗೆ ಹೋಗಿ ಅಡುಗೆಮನೆಯ ಬೆನ್ನು ಸೆಟೆದ ಕುರ್ಚಿ ತಂದು ಮರದ ಕೆಳಗಿಟ್ಟಳು. ದಾರ ಕಟ್ಟಿದ ಪೆನ್ಸಿಲ್ಲೊಂದನ್ನು, ಹೊಸ ನೋಟುಪುಸ್ತಕವನ್ನು ಗಂಡನ ಕೈಗಿತ್ತಳು.

ಚರ್ಚಿನ ಗಂಟೆ ಮೂರು ಹೊಡೆಯಿತು. ಎಲ್ಡನ್ ಬಾಯಿತುಂಬ ಆಕಳಿಸಿದ. ಕಣ್ಣು ಇನ್ನೇನು ಮುಚ್ಚಬೇಕು, ಮಾಡಿನ ಮೇಲೆ ಢಣ್!

“ಬರಿ,” ಎಂದಳು ವೆಲ್ಮಾ.