ನನ್ನ ಎದಿಗೆ ಹಾಯ್ದ ಎತ್ತು

ಸಿಂಧನೂರಿನಾಗ ಮನಿ, ಮಸ್ಕಿ ಹೈಸ್ಕೂಲಿನಾಗ ವಿಜ್ಞಾನದ ಮಾಸ್ತರಕಿ. ಹೃದಯದ ಪಾಠ ವರ್ಷಾ ವರ್ಷಾ ಮಾಡ್ತೀನಿ. ಆದ್ರ ನನ್ನ ಸ್ವಂತ ಹೃದಯ ಮಾತ್ರ ಮಂದಿ ಮುಂದ ನನ್ನ ಫಜೀತಿ ಮಾಡೋದು ಬಿಟ್ಟಿಲ್ಲ.

೧. ನೆಟ್ಟನ ಗೆರಿ

ಆರು ವರ್ಷದವನಿದ್ದಾಗ ಹೈದರಾಬಾದಿನಾಗ ನನ್ನ ಹೃದಯದ ಆಪರೇಶನ್ ಆತು. ಹುಟ್ಟಿದಾಗಿಂದ ಇದ್ದ ತೂತು ಮುಚ್ಚಿ, ಇಕ್ಕಟ್ಟಿದ್ದ ದಾರಿ ಅಗಲ ಮಾಡಿ ಕಳಿಸಿದ್ರು. ಎದಿ ನಡುವ ಉದ್ದಕ ಒಂದು ಗೆರಿ ಉಳೀತು. ಲಗ್ನದ ಮಾತು ಬಂದಾಗ ಅವ್ವ, "ಯಾರಿಗೂ ಹೇಳಬ್ಯಾಡಲೇ, ಹೆಣ್ಣು ಕೊಡಂಗಿಲ್ಲ" ಅಂತ ನನ್ನ ಬಾಯಿಗೆ ಬೀಗ ಹಾಕಿದ್ಲು.

ಲಗ್ನ ಆದ ಮ್ಯಾಲ ಹೆಂಡ್ತಿ ಕೇಳೇಬಿಟ್ಲು, "ಇದೇನ್ರಿ?"

"ಸಣ್ಣಾಂವ ಇದ್ದಾಗ ಎತ್ತು ಹಾಯ್ದಿತ್ತು."

"ಎತ್ತು ಹಾಯ್ದರ ಇಷ್ಟು ನೆಟ್ಟಗ ಗೆರಿ ಬೀಳ್ತೈತೇನ್ರಿ?"

"ಭಾಳ ಶಿಸ್ತಿನ ಎತ್ತು" ಅಂದೆ.

೨. ಕಾಲುವಿ

ಹೋದ ವರ್ಷ ಲಿಂಗಸುಗೂರಿನಾಗ ಎದಿಯ ಎಕೊ ಸ್ಕ್ಯಾನ್ ಮಾಡಿದ ಡಾಕ್ಟರು, "ಹಳೇ ಕೆಲಸ ಗಟ್ಟಿ ಐತ್ರಿ. ಆದ್ರ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಉಬ್ಬೇತಿ. ಒಡೆಯೋಕಿಂತ ಮೊದಲ ಬದಲಿ ಮಾಡಿಸಬೇಕು" ಅಂದ್ರು. ಹೆಂಡ್ತಿಗೆ ಉಬ್ಬಿದ್ದು ಹೇಳಿದೆ, ಹಳೇದು ಹೇಳಲಿಲ್ಲ.

ಸ್ಟಾಫ್ ರೂಮಿನಾಗ ಮಾತ್ರ ಎಲ್ಲಾ ಬಾಯಿಬಿಟ್ಟೆ. "ಒಮ್ಮೆ ರಿಪೇರಿ ಆದದ್ದು ಮತ್ತ್ಯಾಕ ಕೆಟ್ಟಿತ್ರಿ?" ಅಂದ್ರು. ಚಿತ್ರ ತೆಗೆದು ಅರ್ಧ ತಾಸು ಹೇಳಿದೆ. ಒಬ್ಬರಿಗೂ ತಲಿಗೆ ಹೋಗಲಿಲ್ಲ. ಚಹಾ ತಂದ ನಮ್ಮ ಸಾಲಗುಂದದ ಜವಾನ, "ಗೇಟು ಹೊಸಾದು ಹಾಕ್ಸಿದ್ರೂ ಮುಂದಿನ ಕಾಲುವಿ ದಂಡಿ ಹಳೇದ ಅಲ್ರಿ? ನೀರು ಗುದ್ದಿ ಗುದ್ದಿ ಉಬ್ತೈತಿ" ಅಂದ. ಎಲ್ಲಾರೂ "ಹೌದಲ್ಲ!" ಅಂದ್ರು.

ಮರುದಿನದಿಂದ ನನ್ನ ತಬಿಯತ್ತನ್ನ ಅವನ್ನ ಕೇಳಾಕತ್ತಿದ್ರು.

೩. ಇದ್ದದ್ದೊಂದ ಕಾಗದ

ಸರ್ಜನ್ನರು ಧೈರ್ಯ ಹೇಳಿದ್ರು. "ಸಣ್ಣಾಗಿದ್ದಾಗ ರಿಪೇರಿ ಆದವರು ಈ ಆಪರೇಶನ್ ಮಾಡಿಸ್ಕೊಂಡು ಚೊಲೊ ಅದಾರ. ಆದ್ರ ಹಳೇ ಫೈಲ್ ತರ್ರಿ. ಒಳಗ ಏನು ಹಾಕಿ ಹೊಲಿದಾರ ಗೊತ್ತಾದ್ರ ಮತ್ತ ತೆರೆಯೋದು ಸಲೀಸು."

ಆಪರೇಶನ್ನಿಗೆ ನಾ ಹೆದರಲಿಲ್ಲ. ಆ ಫೈಲ್ ಹೆಂಡ್ತಿ ಕೈಗೆ ಸಿಕ್ಕೀತು ಅಂತ ಹೆದರಿದೆ. ಅವ್ವನ್ನ ಕೇಳಿದ್ರ, "ಲಗ್ನಕ್ಕ ಮೊದಲ ಸಂತೆಕಲ್ಲೂರಿನ ನನ್ನ ತಂಗಿ ಹಂತ್ಯಾಕ ಮುಚ್ಚಿಡಾಕ ಕೊಟ್ಟೀನಿ" ಅಂದ್ಲು. ಆಟೋ ಹಿಡಿದು ಓಡಿದೆ.

"ಅದೆಲ್ಲೈತಪ್ಪ ಈಗ?" ಅಂದ್ಲು ಸಣ್ಣವ್ವ. "ಲಗ್ನಕ್ಕ ಮೊದಲ ನಿನ್ನ ಹೆಂಡ್ತಿ ಅಪ್ಪ ವಿಚಾರಿಸಾಕ ಬಂದು ಹುಡುಗನ ಜಾತಕ ಕೊಡ್ರಿ ಅಂದ. ಜಾತಕ ಎಲ್ಲಿಂದ ತರ್ಲಿ? ನಿಂದು ಇದ್ದದ್ದೊಂದ ಕಾಗದ, ಕೊಟ್ಟೆ."

೪. ಮತ್ತ ಬಂದ ಎತ್ತು

ಮನಿಗೆ ಬಂದು ಹೆಂಡ್ತಿ ಮುಂದ ತಲಿ ತಗ್ಗಿಸಿ ನಿಂತೆ. ಅಕಿ ಟ್ರಂಕಿನ ತಳದಿಂದ ಫೈಲ್ ತೆಗೆದು ಕೈಯಾಗ ಇಟ್ಲು.

"ಎಲ್ಲಾ ಗೊತ್ತಿದ್ದೂ ನನ್ನ ಮಾಡ್ಕೊಂಡಿ?"

"ನಮ್ಮಪ್ಪ ಈ ಫೈಲ್ ಡಾಕ್ಟರಿಗೆ ತೋರಿಸಿದ್ದ. ಉಳಿದ ವರಗಳ ಎದಿ ಒಳಗ ಏನೈತಿ, ಯಾರು ಕಂಡಾರ? ನಿಮ್ಮದು ಹೈದರಾಬಾದಿನವರು ತೆರೆದು ನೋಡಿ, ಚೊಲೊ ಐತಿ ಅಂತ ಬರೆದು ಕೊಟ್ಟಿದ್ರು."

ನನಗ ಅಳು ಬಂತು. "ಮತ್ತ ಎತ್ತಿನ ಸುದ್ದಿ ಕೇಳಿ ಯಾಕ ಸುಮ್ಮನಿದ್ದಿ?"

"ನೀವಾಗೇ ಹೇಳ್ತೀರಿ ಅಂತ ಕಾದೆ. ನೀವು ವರ್ಷಾ ವರ್ಷಾ ಅದರ ಕೊಂಬು ಬೆಳೆಸ್ಕೋತ ಹೋದ್ರಿ."

ಫೈಲ್ ಸಿಕ್ಕಿತ್ತು, ಆಪರೇಶನ್ ಸರಳ ಆತು. ನಾಲ್ಕನೇ ದಿನಕ್ಕ ಎದ್ದು ಕುಂತೆ. ಬಾಜೂ ಬೆಡ್ಡಿನ ಅಜ್ಜ ನನ್ನ ಎದಿ ನೋಡಿ, "ಏನಾಗೇತ್ರಿ ಇವರಿಗೆ?" ಅಂದ.

ನಾ ಬಾಯಿ ತೆರೆಯೂದ್ರಾಗ ಹೆಂಡ್ತಿ ಹೇಳಿಬಿಟ್ಲು: "ಎತ್ತು ಹಾಯ್ದೈತ್ರಿ ಅಜ್ಜಾರ. ಮೊದಲಿನದ ಎತ್ತು, ಮತ್ತ ಬಂದು, ಹಳೇ ಗೆರಿ ಮ್ಯಾಲೇ ಹಾಯ್ದೈತಿ. ಭಾಳ ಶಿಸ್ತಿನದು."