ಕುಚ್ಚು ಕಟ್ಟಿಸಿಕೊಂಡ ಮೊಟ್ಟೆಗಳು

"ನಿಮ್ಮ ಕೈಲಿ ಆಗುತ್ತಾ?" ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಸ್ವಲ್ಪ ಮಾಡಿಕೊಡಿ" ಎಂದಿದ್ದರೆ ಎಷ್ಟೋ ಸಲ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡಿರುತ್ತಿದ್ದೆ. ಆಗುತ್ತಾ ಎಂದರೆ ಮಾತ್ರ, "ಆಗದೇ ಏನು!" ಎಂದು ಬಾಯಿ ತಾನಾಗಿ ಹೇಳಿಬಿಡುತ್ತದೆ. ಹೀಗೆ ಒಪ್ಪಿಕೊಂಡೇ ಒಮ್ಮೆ ನಮ್ಮ ಬೀದಿಯ ಗಣೇಶನ ಮಂಟಪಕ್ಕೆ ಪರದೆ ಹೊಲಿದಿದ್ದೆ. ಅದು ಗಣೇಶನ ಮುಖವನ್ನಷ್ಟೇ ಮುಚ್ಚಿ, ಹೊಟ್ಟೆಯ ಮೇಲೇ ನಿಂತುಬಿಟ್ಟಿತು.

ಚಳ್ಳಕೆರೆಯಲ್ಲಿ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದಿರುವ ಸ್ಟೆಲ್ಲಾ ನರ್ಸ್. ಈಸ್ಟರ್ ಹಿಂದಿನ ದಿನ ಅವಳಿಗೆ ಡ್ಯೂಟಿ. ಮಗಳು ರೀನಾಗೋ ಮೊಟ್ಟೆಗಳಿಗೆ ಅಲಂಕಾರ ಆಗಲೇಬೇಕು. "ಬಣ್ಣ ಮುಟ್ಟಿದ್ರೆ ಇವಳ ಕೈಯೆಲ್ಲ ಗಂದೆ ಏಳುತ್ತೆ ಅಕ್ಕಾ. ಬಣ್ಣ ಇಲ್ದೆ ಮಾಡಿಸ್ಬೇಕು. ನಿಮ್ಮ ಕೈಲಿ ಆಗುತ್ತಾ?" ಎಂದಳು. ನಾನು ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಮೊಳಕಾಲ್ಮೂರು ರೇಷ್ಮೆಸೀರೆ ಉಟ್ಟು ಹಸೆಮಣೆ ಏರಿದ ಎಷ್ಟೋ ಹುಡುಗಿಯರ ಸೆರಗು ನನ್ನ ಕೈ ದಾಟಿಯೇ ಹೋಗಿದೆ. ಅಂಥವಳಿಗೆ ಒಂದು ಮೊಟ್ಟೆ ದೊಡ್ಡದೇ?

ರೀನಾಳನ್ನೂ ನನ್ನ ಮಗಳು ಚೈತ್ರಾಳನ್ನೂ ಕರೆದುಕೊಂಡು ಬಿ.ಜಿ. ಕೆರೆಯ ತವರಿಗೆ ಹೋದೆ. ಅವ್ವನ ಮನೆಯಲ್ಲಿ ನಾಟಿಕೋಳಿ ಮೊಟ್ಟೆಗೆ ಬರವಿಲ್ಲ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕರೆದು ಕೇಳುವುದೇಕೆ ಎಂದು ನಾನೇ ಹುಡುಕಿದೆ. ನಡುಮನೆಯ ಮೂಲೆಯಲ್ಲಿ, ಹೊಟ್ಟು ಹಾಸಿದ ಬುಟ್ಟಿಯ ತುಂಬ ಮೊಟ್ಟೆ! ಮುಟ್ಟಿದರೆ ಬೆಚ್ಚಗಿದ್ದವು. ನಮ್ಮ ಕಡೆಯ ಬಿಸಿಲಲ್ಲಿ ಬೆಚ್ಚಗಿರದ ವಸ್ತುವಾದರೂ ಯಾವುದಿದೆ?

"ಮೊದ್ಲು ಬೇಯಿಸ್ಬೇಕು ಆಂಟಿ. ಅಮ್ಮ ಹಂಗೇ ಮಾಡೋದು" ಎಂದಳು ರೀನಾ.

"ಬೆಂದ ಮೊಟ್ಟೆ ಮೇಲೆ ಅಂಟು ನಿಲ್ಲಲ್ಲ ಕಣೇ" ಎಂದೆ. ಎಲ್ಲಿಂದ ಹೊಳೆಯಿತೋ, ಗೊತ್ತಿಲ್ಲ. ಮೈದಾ ಅಂಟು ಕಾಯಿಸಿ ಮೂವರೂ ಕೂತೆವು. ಕೆಂಪು ರೇಷ್ಮೆದಾರ ಸುತ್ತಿ, ಹಸಿರು ಅಂಚು ಕೊಟ್ಟು, ಜರಿ ಎಳೆ ಹಚ್ಚಿದೆವು. ಮಕ್ಕಳು ಹಣೆಬೊಟ್ಟಿನ ಸ್ಟಿಕ್ಕರ್ ಅಂಟಿಸಿದರು. ನಾನು ಒಂದಕ್ಕೆ ಮುತ್ತಿನ ಕುಚ್ಚನ್ನೇ ಕಟ್ಟಿದೆ. ಸಾಲಾಗಿ ಇಟ್ಟರೆ ಸಾಮೂಹಿಕ ಮದುವೆಗೆ ಬಂದ ಮದುವಣಗಿತ್ತಿಯರಂತಿದ್ದವು. ಫೋಟೊ ತೆಗೆದುಕೊಂಡು, ಬೇಯಿಸಲು ಒಲೆಯ ಮೇಲೆ ನೀರಿಟ್ಟೆ.

ನೀರು ಕುದಿಯಿತು. ಮುತ್ತಿನ ಕುಚ್ಚಿನದನ್ನು ಸೌಟಿನಲ್ಲಿ ಎತ್ತಿ ಇನ್ನೇನು ಬಿಡಬೇಕು, ಚೈತ್ರಾ ನನ್ನ ಕೈ ಹಿಡಿದಳು. "ಅವ್ವಾ, ಅದು ಮಾತಾಡ್ತೈತೆ!"

"ಯಾವುದೇ?"

"ಮೊಟ್ಟೆ!"

ಕಿವಿಯ ಹತ್ತಿರ ಹಿಡಿದೆ. ಚೀಂವ್ ಎಂದಿತು. ತಟ್ಟನೆ ಒಲೆ ಆರಿಸಿದೆ. ಅಷ್ಟರಲ್ಲಿ ಮೇವಿಗೆಂದು ಹೊರಗೆ ಹೋಗಿದ್ದ ಕೋಳಿ ಒಳಗೆ ಬಂದು, ಖಾಲಿ ಬುಟ್ಟಿ ನೋಡಿ ಊರೇ ಕೇಳುವಂತೆ ಬೊಬ್ಬೆ ಹಾಕಿತು. ಅದರ ಹಿಂದೆಯೇ ಅವ್ವ, ಒದ್ದೆ ಸೀರೆಯಲ್ಲಿ.

"ಅಯ್ಯೋ ನಿನ್ನ! ಕಾವಿಗೆ ಕೂರ್ಸಿದ ಮೊಟ್ಟೆ ಕಣೇ ಅವು! ಇವತ್ತೋ ನಾಳೆಯೋ ಮರಿ ಆಗ್ಬೇಕಾಗಿತ್ತು. ಕೋಳಿ ಬಾಣಂತನಕ್ಕೆ ನೀನು ಸೀರೆ ಉಡ್ಸಕ್ಕೆ ಬಂದ್ಯಾ?"

ಹುಡುಗಿಯರು ಅಳಲು ಶುರುಮಾಡಿದರು. ನಾನೂ ಇನ್ನೇನು ಅಳುವುದರಲ್ಲಿದ್ದೆ. ಅವ್ವ ಮಾತ್ರ ಬೈಯುತ್ತಲೇ ಕತ್ತರಿ ತಂದು, ದಾರವನ್ನೆಲ್ಲ ನಾಜೂಕಾಗಿ ಬಿಡಿಸಿ, ಮೊಟ್ಟೆಗಳನ್ನು ಬುಟ್ಟಿಗೆ ಮರಳಿಸಿದಳು. ಬೊಟ್ಟುಗಳು ಹಾಗೇ ಉಳಿದವು. ಕೋಳಿ ಒಂದೆರಡನ್ನು ಕುಕ್ಕಿ ನೋಡಿ, ನನ್ನ ಕಡೆ ಒಮ್ಮೆ ಗುರಾಯಿಸಿ, ಕೂತುಕೊಂಡಿತು. ಆ ರಾತ್ರಿ ಯಾರೂ ಚಳ್ಳಕೆರೆಗೆ ಹೊರಡುವ ಮಾತೆತ್ತಲಿಲ್ಲ. ಬೆಳಗ್ಗೆ ಎದ್ದರೆ ಬುಟ್ಟಿಯ ತುಂಬ ಚೀಂವ್ ಚೀಂವ್. ಒಂದು ಮರಿಯ ಬೆನ್ನಿಗೆ ಕೆಂಪು ಬೊಟ್ಟು ಅಂಟಿತ್ತು. ರೀನಾ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದಳು.

ನಡೆದದ್ದನ್ನೆಲ್ಲ ಕೇಳಿ ಸ್ಟೆಲ್ಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮೊಟ್ಟೆಯೊಳಗಿಂದ ಹೊಸ ಜೀವ ಬರೋದೇ ನಮ್ಮ ಹಬ್ಬದ ಅರ್ಥ ಅಕ್ಕಾ. ನೀವು ಅದನ್ನೇ ಬೇಯಿಸಕ್ಕೆ ಹೊರಟಿದ್ರಲ್ಲ!"

ಈಗ ತವರಿಗೆ ಹೋದರೆ ಉಪಚಾರಕ್ಕೇನೂ ಕಡಿಮೆಯಿಲ್ಲ. ನಾನು ಬಾಗಿಲಿಗೆ ಬರುತ್ತಿದ್ದಂತೆ ಅವ್ವ ನಗುನಗುತ್ತಾ ಕಾಲಿಗೆ ನೀರು ಕೊಡುತ್ತಾಳೆ. ಬೀರುವಿನ ಕೀಲಿಯನ್ನು ಮೊದಲಿನಂತೆ ಎಲ್ಲೆಂದರಲ್ಲಿ ಬಿಟ್ಟಿರುತ್ತಾಳೆ. ಕೋಳಿ ಇರುವ ಕೋಣೆಗೆ ಮಾತ್ರ ಬೀಗ.