ಎದ್ದು ನಿಲ್ಲಬಾರದ ಸಿನಿಮಾ

ಇಡೀ ಮೈಸೂರು ಸಂಸ್ಥಾನ ಜನರೇ ಆರಿಸುವ ಜವಾಬ್ದಾರಿ ಸರ್ಕಾರ ಬೇಕೆಂದು ಬೀದಿಗಿಳಿದಿದ್ದಾಗ, ಅದನ್ನು ಕೂತ ಜಾಗದಲ್ಲೇ ಕೂತು ತರುತ್ತೇನೆಂದು ಹೊರಟವರು ನಮ್ಮ ಸೋದರಮಾವ ಒಬ್ಬರೇ! ಸುಳ್ಳಲ್ಲ ಸ್ವಾಮಿ, ಅವರ ಹೋರಾಟವೇ ಕೂತುಕೊಳ್ಳುವುದು.

"ಯಾರು ಬಂದ್ರೂ ಎದ್ದು ನಿಲ್ಲಬಾರ್ದು ಕಣೋ. ಎದ್ದು ನಿಂತು ನಿಂತೇ ನಾವು ಹಿಂಗಾಗಿರೋದು" ಎನ್ನುತ್ತಿದ್ದರು. ಹೆಣ್ಣು ಕೊಟ್ಟ ಮಾವ ಮನೆಗೆ ಬಂದಾಗಲೂ ಏಳಲಿಲ್ಲ. ಆ ಹಿರಿಯರು ಹೊಸ್ತಿಲಿನಿಂದಲೇ ತಿರುಗಿ ಹೊಸಕೋಟೆ ಬಸ್ಸು ಹತ್ತಿದರು. ಮಗಳು, ಅಂದರೆ ನಮ್ಮತ್ತೆ, ತಂದಿಟ್ಟ ನೀರಿನ ಚೊಂಬು ಹಾಗೇ ಉಳಿಯಿತು. ಅತ್ತೆ ಅದನ್ನು ಎತ್ತಿಟ್ಟು ಕೆಲಸಕ್ಕೆ ಹೋದರು. ಜಗಳವಾಡುವುದಕ್ಕೆ ಅವರಿಗೆ ಪುರುಸೊತ್ತಾದರೂ ಎಲ್ಲಿತ್ತು? ಆದರೆ ತಾಲ್ಲೂಕು ಆಳುವ ಅಮಲ್ದಾರರು ನಮ್ಮೂರು ವಿಜಯಪುರಕ್ಕೆ ಬಂದಾಗಲೆಲ್ಲ ಮಾವನಿಗೆ ಘಾಟಿ ಸುಬ್ರಹ್ಮಣ್ಯದಲ್ಲಿ ಹರಕೆ ಇರುತ್ತಿತ್ತು. ಅದು ಹೇಗೆ ಅಂತ ನನ್ನನ್ನು ಕೇಳಬೇಡಿ!

ಇಂಥ ಮಾವನಿಗೆ ಬೆಂಗಳೂರು ದಂಡು ಪ್ರದೇಶದಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಸ್ನೇಹಿತರೊಬ್ಬರು ಕೈಯಿಂದ ತಿರುಗಿಸುವ ಹಳೇ ಕ್ಯಾಮೆರಾ ಮತ್ತು ಮೂರು ಡಬ್ಬಿ ಫಿಲ್ಮು ಕೊಟ್ಟರು. ಮಹಾಯುದ್ಧ ಮುಗಿದ ಹೊಸತು, ನಾಲ್ಕನೇ ಡಬ್ಬಿ ಎಲ್ಲಿ ಹುಡುಕಿದರೂ ಸಿಗುವ ಕಾಲವಲ್ಲ. ಮಾವ ಊರಿಗೆಲ್ಲ ಸಾರಿಬಿಟ್ಟರು: ರಾಜಕೀಯ ಸಿನಿಮಾ ತೆಗೆಯುತ್ತೇನೆ! ಮಾತಿಲ್ಲ, ಹಾಡಿಲ್ಲ. ಅಮಲ್ದಾರ ಬರುತ್ತಾನೆ, ರೈತ ಏಳುವುದಿಲ್ಲ. ಅಷ್ಟೇ ಕಥೆ.

"ಒಬ್ಬ ಏಳ್ದೆ ಕೂತಿರೋದನ್ನ ನಮ್ಮ ಜನ ಕಣ್ಣಾರೆ ನೋಡ್ಬೇಕು ಕಣೋ. ಒಂದೇ ಒಂದ್ಸಲ ನೋಡ್ಲಿ, ಸಾಕು" ಎಂದರು. ಇದೊಂದು ಮಾತು ಹೇಳುವಾಗ ಮಾತ್ರ ಅವರು ಕ್ಯಾಮೆರಾ ಕೆಳಗಿಟ್ಟರು.

ಬೆಳಕು ಚೆನ್ನಾಗಿದೆಯೆಂದು ಮನೆಯ ರೇಷ್ಮೆ ನೂಲು ತೆಗೆಯುವ ಚಪ್ಪರವನ್ನೇ ಆರಿಸಿಕೊಂಡರು. ತೊಂದರೆ ಒಂದೇ, ಅಲ್ಲಿ ಅತ್ತೆ ಇದ್ದರು. ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡುಗಳಿಂದ ಎಳೆ ಹಿಡಿದುಕೊಡುವುದು ಅತ್ತೆಯ ಕೆಲಸ, ಆ ಎಳೆ ಸುತ್ತುವ ಚರಕ ತಿರುಗಿಸುವುದು ಮಾವನದು. ಎಳೆ ಕಿತ್ತರೆ ಅತ್ತೆ "ತಡೀರಿ" ಅನ್ನಬೇಕು, ಮಾವ ಕೈ ನಿಲ್ಲಿಸಬೇಕು. ಇಪ್ಪತ್ತು ವರ್ಷದ ರೂಢಿ. ಆ ದಿನ ಮಾವ ಪಕ್ಕದ ಮನೆಯ ಹೆಂಗಸಿಗೆ ಚರಕ ಒಪ್ಪಿಸಿ ಕ್ಯಾಮೆರಾ ಹಿಡಿದಿದ್ದರು.

"ಸ್ವಲ್ಪ ಆಚೆ ಹೋಗೇ, ಚಿತ್ರದೊಳಗೆ ಬಂದ್ಬಿಡ್ತೀಯ!"

"ಬಾಣಲೇಲಿ ಗೂಡು ಬೇಯ್ತಾ ಐತೆ. ಎದ್ರೆ ಎಳೆಯೆಲ್ಲಾ ಹಾಳಾಗುತ್ತೆ. ಬೇಕಾದ್ರೆ ನಿಮ್ಮ ಅಮಲ್ದಾರ್ರನ್ನೇ ಆಚೆಗೆ ಕಳ್ಸಿ!"

ಅಮಲ್ದಾರರೆಂದರೆ ನಮ್ಮೂರಿನ ದರ್ಜಿ ಸಾಬರು. ವೇಷದ ಕೋಟಿಗೆ ಅಳತೆ ಕೊಡುವುದನ್ನು ಮಾವ ಮರೆತಿದ್ದರಿಂದ ಸಾಬರು ತಮ್ಮ ಅಳತೆಗೇ ಹೊಲಿದಿದ್ದರು, ಹಾಗಾಗಿ ಪಾತ್ರವೂ ಅವರದೇ ಆಯಿತು. ರೈತ ನಾನು. ದೇವನಹಳ್ಳಿಯಲ್ಲಿ ಆಗತಾನೇ ಮೇಷ್ಟ್ರಾಗಿದ್ದೆ.

ಮೊದಲ ಡಬ್ಬಿ. ಕೋಟು, ಜರಿ ರುಮಾಲು, ಕೈಯಲ್ಲಿ ಬೆತ್ತ. ಬಂದವರು ಸಾಬರೆಂದು ನನಗೆ ಗೊತ್ತಿಲ್ಲವೇ? ಹಿಂದಿನ ದಿನವಷ್ಟೇ ನನ್ನ ಅಂಗಿಗೆ ಅಳತೆ ತೆಗೆದುಕೊಂಡಿದ್ದರು! ಆದರೂ ರುಮಾಲು ಕಂಡ ತಕ್ಷಣ ನನ್ನ ಮಂಡಿಗಳು ನನ್ನನ್ನು ಕೇಳದೆ ಎದ್ದುಬಿಟ್ಟವು. ಹೆಗಲ ಮೇಲಿನ ವಲ್ಲಿಯೂ, ದೊಡ್ಡವರ ಮುಂದೆ ಇಳಿಯುವ ಹಾಗೆ, ತಾನಾಗಿ ಸೊಂಟಕ್ಕಿಳಿಯಿತು. ಸಾಬರೋ ಬಲು ಮರ್ಯಾದಸ್ತರು. "ತೌಬಾ ತೌಬಾ, ಕೂತ್ಕೊಳ್ಳಿ ಮೇಷ್ಟ್ರೇ, ನಮಗ್ಯಾಕೆ ಏಳ್ತೀರಿ!" ಎಂದು ಎರಡೂ ಕೈಯಿಂದ ಭುಜ ಒತ್ತಿ ಕೂರಿಸಿದರು. ಅದೆಲ್ಲವೂ ಫಿಲ್ಮಿಗೆ ಬಂತು.

ಎರಡನೆಯ ಡಬ್ಬಿಗೆ ಮಾವ ನನ್ನನ್ನು ನಾನು ಕೂತ ಮಣೆಗೇ ಕಟ್ಟಿದರು. ನಾನು ಮಣೆಸಮೇತ ಎದ್ದೆ! ಸಾಲದ್ದಕ್ಕೆ, ಮಧ್ಯದಲ್ಲಿ ಎಳೆ ಕಿತ್ತು ಅತ್ತೆ "ತಡೀರಿ" ಅಂದರು. ಚರಕದ ಹೆಂಗಸಿನ ಜೊತೆಗೆ ಕ್ಯಾಮೆರಾ ತಿರುಗಿಸುತ್ತಿದ್ದ ಮಾವನ ಕೈಯೂ ರೂಢಿಯಂತೆ ನಿಂತಿತು. ಮತ್ತೆ ತಿರುಗಿಸುವಷ್ಟರಲ್ಲಿ ಬಾಗಿಲಲ್ಲಿದ್ದ ಅಮಲ್ದಾರರು ನನ್ನ ಮೂಗಿನ ಹತ್ತಿರ ಇದ್ದರು.

"ನಿನ್ನ ಕೈಲಿ ಆಗಲ್ಲ ಬಿಡೋ. ತಗೋ, ನೀನು ತಿರುಗ್ಸು" ಎಂದು ಮೂರನೆಯ ಡಬ್ಬಿಗೆ ಮಾವನೇ ಮಣೆ ಮೇಲೆ ಕೂತರು. ಸಾಬರು ಬಾಗಿಲಲ್ಲಿ ಒಂದು ಸಲ ಕೆಮ್ಮಿದರು, ಅಷ್ಟೇ. ಮಾವ ನನಗಿಂತ ಬೇಗ ಎದ್ದರು. ಎದ್ದಿದ್ದಷ್ಟೇ ಅಲ್ಲ, ಕೈ ಬೇರೆ ಮುಗಿದರು!

ಫಿಲ್ಮು ಮುಗಿಯಿತು. ಮೂರು ದಿನ ಮಾವ ತಲೆ ಎತ್ತದೆ ಚರಕ ತಿರುಗಿಸಿದರು. ನಾನು ನಗಬೇಕೆಂದಿದ್ದೆ, ಆದರೆ ಅವರ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

ಊರು ಬಿಟ್ಟೀತೇ? "ಎಲ್ರೀ ಸಿನಿಮಾ?" ಎಂದು ಹೋದಲ್ಲೆಲ್ಲ ಜನ ಕೇಳಿದರು. ಕೊನೆಗೆ ಆ ಫೋಟೋ ಅಂಗಡಿಯ ಸ್ನೇಹಿತರೇ ಫಿಲ್ಮು ತೊಳೆದು, ತೋರಿಸುವ ಯಂತ್ರವನ್ನೂ ಹೊತ್ತು ತಂದರು. ಖಾಲಿಯಿದ್ದ ರೇಷ್ಮೆಹುಳದ ಮನೆಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಗೋಡೆಗೆ ಬಿಳಿ ಪಂಚೆ ಹರಡಿ, ಮಟಮಟ ಮಧ್ಯಾಹ್ನ ಸಿನಿಮಾ ಹಾಕಿದರು. ಇದ್ದ ಒಂದೇ ಕುರ್ಚಿಯಲ್ಲಿ ಮಾವ, ಉಳಿದವರೆಲ್ಲ ನೆಲದ ಮೇಲೆ.

ನಗು ಅಂದರೆ ನಗು! "ಇಂಥಾ ಅಮಲ್ದಾರ ನಮಗಿದ್ದಿದ್ರೆ! ಕೂತ್ಕೊಳ್ಳಿ ಅಂತ ಬೇಡ್ಕೋತಾವ್ನೆ ನೋಡ್ರಲಾ!" ಎಂದು ಒಬ್ಬ ಕೂಗಿದ. ಮಣೆ ಎದ್ದಾಗ ಜನ ಒಬ್ಬರ ಮೇಲೊಬ್ಬರು ಬಿದ್ದರು. ಮಾವ ಕೈಮುಗಿದಾಗಲಂತೂ ಕೇಳಬೇಡಿ. ಕುರ್ಚಿಯಲ್ಲಿದ್ದ ಮಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಆಗ ಮೂಲೆಯಿಂದ ಒಬ್ಬ ಮುದುಕ ಗದರಿದ: "ಏ, ಸುಮ್ಕಿರ್ರಲಾ! ಅಲ್ಲಿ ನೋಡ್ರಿ, ಆ ಯಮ್ಮ ಎದ್ದೇ ಇಲ್ಲ!"

ಸ್ನೇಹಿತರು ಮೊದಲ ಡಬ್ಬಿಯನ್ನು ಮತ್ತೆ ಹಾಕಿದರು. ಮೂಲೆಯಲ್ಲಿ ಬಾಣಲೆಯ ಹಬೆ, ಹಬೆಯ ಹಿಂದೆ ಅತ್ತೆ. ಜರಿ ರುಮಾಲು ಪಕ್ಕದಲ್ಲೇ ಹಾದುಹೋಗುತ್ತದೆ. ಅತ್ತೆ ತಲೆಯೆತ್ತಿ ಒಮ್ಮೆ ನೋಡುತ್ತಾರೆ, ಮತ್ತೆ ಎಳೆಗೆ ಕೈ ಹಾಕುತ್ತಾರೆ. ಎರಡನೆಯದರಲ್ಲೂ ಅಷ್ಟೇ, ಮೂರನೆಯದರಲ್ಲೂ ಅಷ್ಟೇ. ಮುದುಕ ಚಪ್ಪಾಳೆ ತಟ್ಟಿದ, ಆಮೇಲೆ ಇಡೀ ಮನೆಯೇ ತಟ್ಟಿತು. ಮಾವ ಟವೆಲ್ಲು ತೆಗೆದು ಹೆಗಲಿಗೆ ಹಾಕಿ, ಬಿಟ್ಟ ಕಣ್ಣು ಬಿಟ್ಟಂತೆ ಪಂಚೆಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಬಿಸಿನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದರು:

"ಈಗ ಬಾಣಲೆ ಇಳಿಸ್ದೆ. ಮುಗ್ದೋಯ್ತಾ?"

ಮಾವ ಕುರ್ಚಿಯಿಂದ ಎದ್ದರು. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಲ್ಲ, ಇನ್ನೂ ಶುರುವಾಗಿಲ್ಲ. ಬಾ, ಕೂತ್ಕೋ" ಎಂದರು.

ಅತ್ತೆ ಸಂಕೋಚದಿಂದ ಕುರ್ಚಿಯ ಅಂಚಿನಲ್ಲಿ ಕೂತರು. ಮೂರೂ ಡಬ್ಬಿ ಮುಗಿಯುವವರೆಗೆ ಮಾವ ಅವರ ಪಕ್ಕದಲ್ಲಿ ನಿಂತೇ ಇದ್ದರು.